ಹಣ ಕೊಟ್ಟಿರಿ, ಪತ್ರಿಕೆಯನ್ನೇಕೆ ಬಿಟ್ಟಿರಿ?

ಸೂರಿಲ್ಲದವರು ಬೀದಿಯಲ್ಲಿ ನಿಂತು ಮಾರುವ ಪತ್ರಿಕೆಗಳ ಬಗ್ಗೆ ಮೆಚ್ಚುಗೆಯ ಮಾತಾಡುವ ಅನೇಕರು ಅವುಗಳ ಒಂದು ಪುಟವನ್ನೂ ಓದಿರುವುದಿಲ್ಲ. ಹಣವನ್ನು ಕೈಗಿಟ್ಟು, ‘ಪ್ರತಿ ನಿಮ್ಮಲ್ಲೇ ಇರಲಿ, ಇನ್ನೊಬ್ಬರಿಗೆ ಮಾರಿಕೊಳ್ಳಿ’ ಎಂದು ಮುಂದೆ ಹೋಗುವುದನ್ನು ಅವರು ಔದಾರ್ಯವೆಂದೇ ತಿಳಿದಿದ್ದಾರೆ. ನನಗೆ ಮಾತ್ರ ಅದು, ವ್ಯಾಪಾರಿಯಾಗಿ ಬಂದು ನಿಂತವನನ್ನು ಪುನಃ ಬೇಡುವವನ ಜಾಗಕ್ಕೆ ತಳ್ಳಿದಂತೆ ಕಾಣುತ್ತದೆ.

ಈ ಪತ್ರಿಕೆಗಳ ಲೆಕ್ಕಾಚಾರ ಗೊತ್ತಿದ್ದವರಿಗೆ ನನ್ನ ಆಕ್ಷೇಪ ಅರ್ಥವಾದೀತು. 1989ರಲ್ಲಿ ಆರಂಭವಾದ ‘ಸ್ಟ್ರೀಟ್ ನ್ಯೂಸ್’ ಪತ್ರಿಕೆಯನ್ನು ನ್ಯೂಯಾರ್ಕ್‌ನಲ್ಲಿ ನೋಡಿ ಬಂದ ಬ್ರಿಟಿಷ್ ಉದ್ಯಮಿ ಗಾರ್ಡನ್ ರಾಡಿಕ್, ಸ್ವತಃ ಬೀದಿಯಲ್ಲಿ ಮಲಗಿದ್ದ ದಿನಗಳನ್ನು ಕಂಡಿದ್ದ ಜಾನ್ ಬರ್ಡ್ ಜೊತೆ ಸೇರಿ 1991ರಲ್ಲಿ ಲಂಡನ್‌ನಲ್ಲಿ ‘ದಿ ಬಿಗ್ ಇಶ್ಯೂ’ ಹೊರತಂದರು. ಅಲ್ಲಿ ಮಾರಾಟಗಾರ ಮುಖಬೆಲೆಯ ಅರ್ಧದಷ್ಟು ಹಣವನ್ನು ತನ್ನ ಜೇಬಿನಿಂದಲೇ ಕೊಟ್ಟು ಪ್ರತಿಗಳನ್ನು ಕೊಳ್ಳಬೇಕು. ಮಾರಿದರೆ ಉಳಿದರ್ಧ ಅವನ ಲಾಭ, ಮಾರದೆ ಉಳಿದ ಪ್ರತಿಗಳು ಅವನದೇ ನಷ್ಟ. ಹೊಸದಾಗಿ ಸೇರಿದವರಿಗೆ ಮೊದಲ ಕೆಲವು ಪ್ರತಿಗಳನ್ನು ಉಚಿತವಾಗಿ ಕೊಡುತ್ತಾರಾದರೂ ಆಮೇಲೆ ಇಂದಿನ ಗಳಿಕೆಯಲ್ಲಿ ಎಷ್ಟನ್ನು ನಾಳೆಯ ಪ್ರತಿಗಳಿಗೆ ಎತ್ತಿಡಬೇಕು ಎಂಬ ಲೆಕ್ಕ ಅವರದೇ. ಗುರುತಿನ ಚೀಟಿ, ನಿಗದಿಯಾದ ಜಾಗ, ನಡತೆಯ ನಿಯಮಗಳು ಎಲ್ಲವೂ ಇವೆ. ರಾತ್ರಿ ಎಲ್ಲಿ ಮಲಗುವುದೆಂದು ತಿಳಿಯದ ಮನುಷ್ಯ ಇಷ್ಟನ್ನೆಲ್ಲ ನಿಭಾಯಿಸಿ ನಿಮ್ಮೆದುರು ಒಂದು ಸರಕನ್ನು ಹಿಡಿದಿರುವಾಗ ಆ ಸರಕು ನಮಗೆ ಬೇಡವೆನ್ನುವುದು ಅವನ ದುಡಿಮೆಯೇ ಬೇಡವೆಂದಂತೆ.

ಇದು ದುಡಿಮೆಯೋ ಅಲ್ಲವೋ ಎಂಬ ಪ್ರಶ್ನೆ ಬ್ರಿಟನ್ನಿನಲ್ಲಿ ನ್ಯಾಯಮಂಡಳಿಯ ಕಟ್ಟೆ ಹತ್ತಿದ್ದೂ ಉಂಟು. ಬ್ರಿಸ್ಟಲ್ ನಗರದಲ್ಲಿ ‘ಬಿಗ್ ಇಶ್ಯೂ’ ಮಾರುತ್ತಿದ್ದ ರೊಮೇನಿಯಾ ಮೂಲದ ಮಹಿಳೆಯೊಬ್ಬರಿಗೆ ಅಲ್ಲಿನ ಆಡಳಿತ ಬಾಡಿಗೆ ನೆರವನ್ನು ನಿರಾಕರಿಸಿತ್ತು. ಅವರದು ಸ್ವಯಂ ಉದ್ಯೋಗವೆಂದೂ ಆದ್ದರಿಂದ ಆ ನೆರವಿಗೆ ಅವರು ಅರ್ಹರೆಂದೂ ತೀರ್ಮಾನವಾದ ಸುದ್ದಿ 2012ರ ಆರಂಭದಲ್ಲಿ ಸಾಕಷ್ಟು ಕೋಲಾಹಲ ಎಬ್ಬಿಸಿತು. ಕೂಗಾಡಿದವರಲ್ಲಿ ಬಹುಪಾಲು ಜನರು ವಲಸಿಗರ ಮೇಲಿನ ಸಿಟ್ಟನ್ನೇ ಕಾರಿಕೊಂಡರೆಂಬುದು ನನ್ನ ಅನಿಸಿಕೆ. ಕಾನೂನಿನ ಕಣ್ಣಿಗೆ ಉದ್ಯೋಗವಾಗಿ ಕಂಡದ್ದನ್ನು ದಾರಿಹೋಕರಾದ ನಾವು ದಾನದ ನೆಪವೆಂದು ಕಾಣುತ್ತಿದ್ದೇವಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಆದರೆ ಕೊಳ್ಳುವವರನ್ನಷ್ಟೇ ದೂರಿದರೆ ಸಾಲದು, ಸಂಪಾದಕರನ್ನೂ ಕೇಳಬೇಕಾದ ಮಾತೊಂದಿದೆ. ಓದಲಿ ಎಂದು ಒತ್ತಾಯಿಸುವ ಮೊದಲು ಪತ್ರಿಕೆಯೊಳಗೆ ಏನಿದೆ ಎಂಬುದನ್ನು ನೋಡಬೇಡವೇ? ಈ ವಿಷಯದಲ್ಲಿ ಬೀದಿ ಪತ್ರಿಕೆಗಳ ನಡುವೆ ಹಳೆಯ ಜಗಳವಿದೆ. ‘ಬಿಗ್ ಇಶ್ಯೂ’ ಮೊದಲಿನಿಂದಲೂ ವೃತ್ತಿಪರ ಪತ್ರಕರ್ತರಿಂದ ಬರೆಸಿ, ಸಿನಿಮಾ ನಟರನ್ನೂ ಗಾಯಕರನ್ನೂ ಮುಖಪುಟಕ್ಕೆ ತಂದು, ಜನ ಇಷ್ಟಪಟ್ಟು ಕೊಳ್ಳುವಂತಿದ್ದರೆ ಮಾತ್ರ ಮಾರುವವನ ಹೊಟ್ಟೆ ತುಂಬುತ್ತದೆ ಎಂದು ವಾದಿಸಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಸತಿಹೀನರ ಹಕ್ಕುಗಳಿಗಾಗಿ ಹೋರಾಡುವ ಒಕ್ಕೂಟ 1989ರಿಂದ ತರುತ್ತಿರುವ ‘ಸ್ಟ್ರೀಟ್ ಶೀಟ್’ ಇನ್ನೊಂದು ತುದಿಯಲ್ಲಿದೆ: ಪೊಲೀಸರು ಡೇರೆಗಳನ್ನು ಕಿತ್ತುಹಾಕುವುದು, ಆಶ್ರಯತಾಣಗಳಿಗಾಗಿ ಕಾಯುವ ಸಾಲು, ನಗರಸಭೆಯ ಹೊಸ ನಿರ್ಬಂಧಗಳು, ಬೀದಿಯಲ್ಲಿರುವವರೇ ಬರೆದ ಕವಿತೆಗಳು. 1998ರ ಹೊತ್ತಿಗೆ ‘ಬಿಗ್ ಇಶ್ಯೂ’ ಲಾಸ್ ಏಂಜಲೀಸ್‌ಗೆ ಕಾಲಿಟ್ಟಾಗ, ಹಣಬಲವಿರುವ ನುಣುಪು ಕಾಗದದ ಪತ್ರಿಕೆ ಬಂದು ಬಡವರ ದನಿಯನ್ನು ಅದುಮಿಬಿಡುತ್ತದೆ ಎಂದು ಅಮೆರಿಕದ ಚಿಕ್ಕ ಪತ್ರಿಕೆಗಳವರು ಸಿಡಿದೆದ್ದರು.

ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಕೋಪದ ಲೇಖನಗಳನ್ನೇ ತುಂಬಿದ ಪತ್ರಿಕೆಯನ್ನು ಮಳೆಯಲ್ಲಿ ನಿಂತು ಮಾರಬೇಕಾದವನು ಲೇಖಕನಲ್ಲ, ಮಾರಾಟಗಾರ. ಹಾಗಿದ್ದರೂ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ‘ಸ್ಟ್ರೀಟ್ ಶೀಟ್’ ಕಡೆಗೇ ವಾಲುತ್ತೇನೆ. ಅಂಗಡಿಯಲ್ಲಿ ಸಿಗುವ ಯಾವುದೇ ವಾರಪತ್ರಿಕೆಯಲ್ಲಿ ನಟನ ಸಂದರ್ಶನ ಸಿಗುತ್ತದೆ. ಬೀದಿಯಿಂದ ಎಬ್ಬಿಸಿ ಓಡಿಸಲ್ಪಟ್ಟವನ ವರದಿ ಸಿಗುವುದಿಲ್ಲ. ಮಾರುವವನಿಗೆ ತನ್ನ ಕೈಯಲ್ಲಿರುವ ಪುಟಗಳಲ್ಲೇ ಜಾಗವಿಲ್ಲವೆಂದಾದರೆ, ಸಂಪಾದಕರೂ ಪ್ರತಿ ಬೇಡವೆಂದು ಹೋಗುವ ದಾನಿಯೂ ಒಂದೇ ತಪ್ಪು ಮಾಡುತ್ತಿದ್ದಾರೆ: ಇಬ್ಬರಿಗೂ ಅವನ ಬಡತನ ಬೇಕು, ಅವನ ಮಾತು ಬೇಡ.

ಪತ್ರಿಕೆ ಮಾರಿದರೆ ಮನೆ ಸಿಗುತ್ತದೆಯೇ ಎಂದು ಕೇಳುವವರಿದ್ದಾರೆ. ಮನೆ ಸಿಗುವುದು ಬಾಡಿಗೆ, ಕೂಲಿ, ಸರ್ಕಾರದ ವಸತಿ ನೀತಿ ಇವುಗಳಿಂದ. ಇಡೀ ಭಾರವನ್ನು ಮಾರುವವನ ಉದ್ಯಮಶೀಲತೆಯ ಮೇಲೆ ಹೊರಿಸಿ ‘ನೋಡಿ, ಮನಸ್ಸಿದ್ದರೆ ಮಾರ್ಗ’ ಎಂದು ಆಡಳಿತಗಳು ಕೈತೊಳೆದುಕೊಳ್ಳುವ ಅಪಾಯ ಖಂಡಿತ ಇದೆ. ಹಾಗಾಗದಂತೆ ತಡೆಯುವುದೂ ಅದೇ ಪತ್ರಿಕೆಯ ಪುಟಗಳ ಕೆಲಸ. ಮ್ಯೂನಿಕ್‌ನಲ್ಲಿ 1993ರಿಂದ ಬರುತ್ತಿರುವ ‘ಬಿಸ್’ ಪತ್ರಿಕೆ ತನ್ನ ಅನೇಕ ಮಾರಾಟಗಾರರನ್ನು ಸಾಮಾಜಿಕ ವಿಮೆಯ ಸಮೇತ ಖಾಯಂ ನೌಕರರನ್ನಾಗಿ ಮಾಡಿಕೊಂಡಿರುವುದು, ನನ್ನ ಮಟ್ಟಿಗೆ, ಈ ಎಲ್ಲ ಪ್ರಯೋಗಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು.

ಇನ್ನು ಚಿಲ್ಲರೆ ಇಲ್ಲವೆಂಬ ನೆಪವೂ ಉಳಿದಿಲ್ಲ. ಸ್ಟಾಕ್‌ಹೋಮ್‌ನ ಬೀದಿ ಪತ್ರಿಕೆಯ ಮಾರಾಟಗಾರರು 2013ರಲ್ಲೇ ಕಾರ್ಡ್ ಯಂತ್ರ ಹಿಡಿದು ನಿಂತರು. ಬೆಲೆ ಕೊಟ್ಟವರು ಪ್ರತಿಯನ್ನೂ ಪಡೆದು, ಅದರಲ್ಲಿ ಮಾರಾಟಗಾರರು ಬರೆದದ್ದು ಎಷ್ಟಿದೆಯೆಂದು ನೋಡಿ, ಏನೂ ಕಾಣದಿದ್ದರೆ ಸಂಪಾದಕರಿಗೊಂದು ಪತ್ರ ಬರೆಯಲಿ.