ಮಾರೋಕಿಟ್ಟಿಲ್ಲ ಅಂದರೆ ಇಟ್ಟಿಲ್ಲ

ಒಳ್ಳೆ ರೇಟು ಬಂದರೆ ಸ್ವಂತ ಹೆಸರಿನ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಮಾರಿಬಿಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಒಪ್ಪಿಗೆ ಇಲ್ಲ. ಇಲ್ಲಿ ಚಿಕ್ಕಮಗಳೂರಲ್ಲಿ ಕೂತಿದ್ದರೂ ತಿಂಗಳಿಗೆ ಒಂದೆರಡು ಮೇಲ್ ಬರುತ್ತವೆ, ನಿಮ್ಮ ಡಾಟ್ ಕಾಮ್ ಕೊಡ್ತೀರಾ ಅಂತ. ನಮ್ಮ ಮನೆತನದ ಹೆಸರು ಅದು. ಕಾಫಿ ತೋಟದ ನಾಲ್ಕು ಫೋಟೋ ಬಿಟ್ಟರೆ ಸೈಟಲ್ಲಿ ಏನೂ ಇಲ್ಲ, ಅದಕ್ಕೇ ಸುಮ್ನೆ ಬಿದ್ದಿದೆ ಅಂದುಕೊಳ್ಳುತ್ತಾರೆ. ಆದರೆ ನನ್ನ ಮೇಲ್ ನಡೆಯುವುದೇ ಅದರ ಮೇಲೆ ಸ್ವಾಮಿ! ಬ್ಯಾಂಕು, ಇನ್ಶೂರೆನ್ಸು, ಗ್ಯಾಸು ಎಲ್ಲಾ ಆ ವಿಳಾಸಕ್ಕೆ. ನಾಳೆ ಡೊಮೇನ್ ಬೇರೆಯವರ ಕೈಗೆ ಹೋದರೆ ಪಾಸ್‌ವರ್ಡ್ ಬದಲಿಸುವ ಲಿಂಕೂ ಅವರಿಗೇ ಹೋಗುತ್ತದೆ, ಇದನ್ನ ಯಾಕೆ ಬರೆಯಲಿಲ್ಲ ನೀವು?

ಮೊದಲು ನಾನೂ ಮರ್ಯಾದೆಯಿಂದ 'ಇಲ್ಲ ಸರ್' ಅಂತ ಉತ್ತರ ಕೊಡುತ್ತಿದ್ದೆ. ಬೇಡ ಅಂದಷ್ಟೂ ಅಡಿಕೆ ದಲ್ಲಾಳಿಗಳ ಹಾಗೆ ರೇಟು ಏರಿಸಿ ಮತ್ತೆ ಬರುತ್ತಿದ್ದರು. ಒಬ್ಬನಂತೂ ದೊಡ್ಡ ಮೊತ್ತ ಹೇಳಿ, ಮೊದಲು ಈ ಸೈಟಲ್ಲಿ ಫೀಸ್ ಕಟ್ಟಿ ಡೊಮೇನಿನ ಬೆಲೆಗೆ ಸರ್ಟಿಫಿಕೇಟ್ ತನ್ನಿ ಅಂದ. ಹಳೇ ಆಟ, ಫೀಸ್ ಕಟ್ಟಿದ ಮೇಲೆ ಗಿರಾಕಿ ನಾಪತ್ತೆ.

ಇನ್ನೊಂದು, ಬಾಯಿತಪ್ಪಿಯೂ ರೇಟು ಹೇಳಬೇಡಿ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ (ICANN) ಸಂಸ್ಥೆಯವರ 1999ರ ನಿಯಮದ ಪ್ರಕಾರ, ಆ ಹೆಸರಿಗೆ ಟ್ರೇಡ್‌ಮಾರ್ಕ್ ಇರುವವರು ಡೊಮೇನ್ ತಮಗೆ ಬೇಕು ಅಂತ ದೂರು ಕೊಟ್ಟರೆ, ಕೆಟ್ಟ ಉದ್ದೇಶದಿಂದ ಹೆಸರು ತಗೊಂಡಿದ್ದಾರೆ ಅಂತ ಅವರೇ ತೋರಿಸಬೇಕು. ಮಾರೋಕೇ ತಗೊಂಡಿದ್ದ ಅನ್ನೋಕೆ ರೇಟು ಹೇಳಿದ ನಿಮ್ಮ ಇಮೇಲನ್ನೇ ಸಾಕ್ಷಿ ಅಂತ ಹಿಡಿದುಕೊಂಡರೆ?

ಈಗ ನಾನು ಉತ್ತರ ಕೊಡುವುದೇ ಇಲ್ಲ. ಡೊಮೇನನ್ನ ಯಾರೂ ಬೇರೆ ಕಡೆ ವರ್ಗಾಯಿಸಿಕೊಳ್ಳದ ಹಾಗೆ ಟ್ರಾನ್ಸ್‌ಫರ್ ಲಾಕ್ ಹಾಕಿದ್ದೇನೆ. ಡಾಟ್ ಕಾಮ್ ಅವಧಿಯನ್ನ 10 ವರ್ಷದವರೆಗೂ ಮುಂದಕ್ಕೆ ಕಟ್ಟಿಡಬಹುದು, ಅದನ್ನೂ ಮಾಡಿದ್ದಾಯಿತು. ಮೇಲ್ ಬರಲಿ ಬಿಡಿ, ಸ್ಪ್ಯಾಮ್ ಫೋಲ್ಡರ್ ಇರುವುದು ಯಾಕೆ.