ಬಾಡಿ ಲಿಫ್ಟ್‌ಗೆ ಕಾನೂನಿನ ಎತ್ತರ ಮಿತಿ ಬೇಕೇ?

ಪರ

ವಾಹನದ ಚಾಸಿಯ (ಕೆಳಗಿನ ಚೌಕಟ್ಟಿನ) ಮೇಲೆ ಬಾಡಿ ಕೂರುವ ಪ್ರತಿಯೊಂದು ಮೌಂಟಿನಲ್ಲೂ ಸ್ಪೇಸರ್ ಎಂಬ ದಪ್ಪ ತುಂಡನ್ನು ಇಟ್ಟು, ಮೂಲ ಬೋಲ್ಟುಗಳ ಬದಲು ಉದ್ದನೆಯ ಬೋಲ್ಟುಗಳನ್ನು ಬಿಗಿದು, ದೊಡ್ಡ ಟೈರುಗಳಿಗೆ ಜಾಗ ಮಾಡಿಕೊಳ್ಳುವುದೇ ಬಾಡಿ ಲಿಫ್ಟ್. ಚಾಸಿ, ಎಂಜಿನ್, ಗೇರ್‌ಬಾಕ್ಸ್ ಇದ್ದಲ್ಲೇ ಇರುತ್ತವೆ, ಬಾಡಿ ಮಾತ್ರ ಏರುತ್ತದೆ. ಅಪಾಯ ಹುಟ್ಟುವುದೂ ಇಲ್ಲಿಯೇ. ಚಾಸಿಗೂ ಬಾಡಿಗೂ ನಡುವೆ ಹಾದುಹೋಗುವ ಬ್ರೇಕ್ ಪೈಪು, ಸ್ಟೀರಿಂಗ್ ಶಾಫ್ಟ್, ಇಂಧನ ತುಂಬುವ ಹೋಸ್, ಅರ್ಥಿಂಗ್ ವೈರು ಇವೆಲ್ಲ ಬಾಡಿ ಏರಿದಷ್ಟೂ ಜಗ್ಗುತ್ತವೆ. ಒಂದು ಇಂಚಿಗೆ ಅವುಗಳಲ್ಲಿರುವ ಸಡಿಲವೇ ಸಾಕಾದೀತು. ಮೂರು ಇಂಚಾದರೆ ಶಾಫ್ಟನ್ನು ಉದ್ದ ಮಾಡಬೇಕಾಗುತ್ತದೆ, ಗೇರ್ ಲಿವರ್ ನೆಲದ ರಂಧ್ರದೊಳಗೆ ಇಳಿದುಹೋಗುತ್ತದೆ, ಬಾಡಿಯೊಂದಿಗೆ ರೇಡಿಯೇಟರ್ ಮೇಲೇರಿದ್ದರೆ ಕೆಳಗೇ ಉಳಿದ ಫ್ಯಾನು ಅದರ ಕವಚಕ್ಕೆ ಉಜ್ಜತೊಡಗುತ್ತದೆ. ಸ್ಪೇಸರ್ ಎತ್ತರವಾದಷ್ಟೂ ಅಪಘಾತದ ಹೊಡೆತಕ್ಕೆ ಬೋಲ್ಟ್ ಬಾಗುವ ಸಾಧ್ಯತೆ ಹೆಚ್ಚು. ತಯಾರಕರ ಅಪಘಾತ ಪರೀಕ್ಷೆಯಲ್ಲಿ ಇದ್ದದ್ದಾದರೋ ಮೂಲ ಮೌಂಟುಗಳು.

ಇದನ್ನು ಮಾಲೀಕನ ಖಾಸಗಿ ಅಭಿರುಚಿಯೆಂದು ಬಿಟ್ಟುಬಿಡಲಾಗದು. ಬಾಡಿಗೆ ಜೋಡಿಸಿದ ಹೆಡ್‌ಲೈಟ್ ಮೇಲೇರಿ ಎದುರಿನವರ ಕಣ್ಣು ಕುಕ್ಕುತ್ತದೆ; ಬಾನೆಟ್ ಏರಿದಷ್ಟೂ ಅದರ ಮುಂದೆ ನಿಂತ ಮಗು ಚಾಲಕನ ಕಣ್ಣಿಗೆ ಬೀಳುವುದು ಕಷ್ಟವಾಗುತ್ತದೆ. ಆದ್ದರಿಂದಲೇ ಕ್ಯಾಲಿಫೋರ್ನಿಯಾದ ಕಾನೂನು, ಬಾಡಿಯ ನೆಲದ ಅತ್ಯಂತ ಕೆಳಭಾಗವು ಚಾಸಿಯ ಮೇಲ್ಭಾಗಕ್ಕಿಂತ 5 ಇಂಚಿಗೂ ಹೆಚ್ಚು ಎತ್ತರದಲ್ಲಿ ಇರಬಾರದೆಂದು ಹೇಳುತ್ತದೆ. ಇಂತಹ ಅಂಕಿಯೊಂದಿದ್ದರೆ ರಸ್ತೆಬದಿಯಲ್ಲಿ ಟೇಪು ಹಿಡಿದೇ ಇತ್ಯರ್ಥ ಮಾಡಬಹುದು. ಅಂಕಿಯಿಲ್ಲದ ಕಡೆ ಅಧಿಕಾರಿಯ ಅಂದಾಜೇ ಕಾನೂನಾಗುತ್ತದೆ, ಅದರಿಂದ ನಷ್ಟವಾಗುವುದು ಮಾಲೀಕನಿಗೇ.

ವಿರೋಧ

ಟೇಪಿಗೆ ಎತ್ತರ ಸಿಗುತ್ತದೆ, ಕೆಲಸದ ಗುಣಮಟ್ಟ ಸಿಗುವುದಿಲ್ಲ. ಬ್ರೇಕ್ ಪೈಪನ್ನು ಬಿಗಿಯಾಗಿ ಎಳೆದುಬಿಟ್ಟು ಮಾಡಿದ ಎರಡು ಇಂಚಿನ ಲಿಫ್ಟ್ ಕಾನೂನುಬದ್ಧವಾಗಿ, ಶಾಫ್ಟು, ಹೋಸು, ಕವಚಗಳನ್ನೆಲ್ಲ ಸರಿಹೊಂದಿಸಿ ಅಚ್ಚುಕಟ್ಟಾಗಿ ಮಾಡಿದ ಮೂರು ಇಂಚಿನದು ಅಪರಾಧವಾಗುವಂತಹ ನಿಯಮವು ರಸ್ತೆಯನ್ನು ಸುರಕ್ಷಿತಗೊಳಿಸುತ್ತದೆಂದು ಒಪ್ಪಲು ನನಗೆ ಸಾಧ್ಯವಿಲ್ಲ. ಮೇಲಿನ 5 ಇಂಚಿನ ನಿಯಮವನ್ನೇ ನೋಡಿ: ಅದು ಅಳೆಯುವುದು ಬಾಡಿಯ ನೆಲಕ್ಕೂ ಚಾಸಿಗೂ ಇರುವ ಅಂತರವನ್ನು, ಏರಿಸಿದ ಪ್ರಮಾಣವನ್ನಲ್ಲ. ಕಾರ್ಖಾನೆಯಿಂದಲೇ ಅಂತರ ಹೆಚ್ಚಿರುವ ವಾಹನಕ್ಕೆ ಸ್ವಲ್ಪವೇ ಏರಿಸುವ ಅವಕಾಶ, ಕಡಿಮೆಯಿರುವುದಕ್ಕೆ ಧಾರಾಳ.

ಪಲ್ಟಿಯಾಗುವ ಭಯವನ್ನೂ ಸರಿಯಾಗಿ ತೂಗಿ ನೋಡಬೇಕು. ವಾಹನದ ಸ್ಥಿರತೆ ಎಡ-ಬಲ ಚಕ್ರಗಳ ನಡುವಿನ ಅಗಲ ಮತ್ತು ಗುರುತ್ವ ಕೇಂದ್ರದ ಎತ್ತರ, ಈ ಎರಡನ್ನೂ ಅವಲಂಬಿಸಿದೆ. ಭಾರದ ಭಾಗಗಳೆಲ್ಲ ಕೆಳಗೇ ಉಳಿಯುವುದರಿಂದ, ಸ್ಪ್ರಿಂಗುಗಳ ಕಡೆಯಿಂದ ಚಾಸಿಯನ್ನೂ ಸೇರಿಸಿ ಏರಿಸುವ ಅಷ್ಟೇ ಇಂಚಿನ ಸಸ್ಪೆನ್ಷನ್ ಲಿಫ್ಟ್‌ಗೆ ಹೋಲಿಸಿದರೆ ಬಾಡಿ ಲಿಫ್ಟ್‌ನಲ್ಲಿ ಗುರುತ್ವ ಕೇಂದ್ರ ಏರುವುದು ಕಡಿಮೆ. ಎರಡನ್ನೂ ಒಂದೇ ಎತ್ತರದ ಲೆಕ್ಕಕ್ಕೆ ಸೇರಿಸುವ ಕಾನೂನು ಈ ವ್ಯತ್ಯಾಸವನ್ನು ಕಾಣುವುದಿಲ್ಲ. ಸ್ಪೇಸರ್‌ಗೆ ಮಿತಿ ಹಾಕಿದವರೂ ಕ್ಯಾರಿಯರ್ ಮೇಲೆ ಹೇರುವ ಸಾಮಾನು ಗುರುತ್ವ ಕೇಂದ್ರವನ್ನು ಎಷ್ಟು ಏರಿಸುತ್ತದೆಂದು ಅಳೆಯುವುದಿಲ್ಲ.

ಬೇಕಾಗಿರುವುದು ತಪಾಸಣೆ. ಜರ್ಮನಿಯಲ್ಲಿ ಇಂತಹ ಮಾರ್ಪಾಡನ್ನು ಅಧಿಕೃತ ತಜ್ಞರು ಪರೀಕ್ಷಿಸಿ ಒಪ್ಪಿದ ಮೇಲೆ ವಾಹನದ ದಾಖಲೆಗೆ ಸೇರಿಸುತ್ತಾರೆ. ನ್ಯೂಜಿಲೆಂಡಿನಲ್ಲೂ ಗಣನೀಯ ಮಾರ್ಪಾಡುಗಳಿಗೆ ಪ್ರಮಾಣೀಕರಣ ಪಡೆಯಬೇಕು. ತಜ್ಞರು ಬೋಲ್ಟಿನ ಬಿಗಿ, ಬ್ರೇಕ್ ಪೈಪಿನ ಸಡಿಲ, ಹೆಡ್‌ಲೈಟಿನ ಕೋನ ಇವನ್ನೆಲ್ಲ ನೋಡಿ ಸಹಿ ಹಾಕಿದ ಮೇಲೂ, ಇಂಚಿನ ಲೆಕ್ಕವೊಂದನ್ನೇ ಹಿಡಿದು ಆ ವಾಹನವನ್ನು ರಸ್ತೆಯಿಂದ ಹೊರಗಿಡಲು ಯಾವ ಕಾರಣ ಉಳಿಯುತ್ತದೆ?