ಕ್ಯಾಮೆರಾಗಿಂತ ಮೊದಲು ಮಕ್ಕಳ ಮಾತು ಕೇಳಿ

ಮಕ್ಕಳ ಸುರಕ್ಷತೆ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿ ಇದನ್ನು ಬರೆಯುತ್ತಿದ್ದೇನೆ. ಬಾಲಮಂದಿರ, ಹಾಸ್ಟೆಲ್‌ಗಳಿಗೆಲ್ಲ ಸಿಸಿಟಿವಿ ಹಾಕಿದರೆ ಮಕ್ಕಳು ಸುರಕ್ಷಿತ ಎಂದು ಅದರ ಲೇಖಕರು ಬರೆದಿದ್ದಾರೆ. ಕ್ಯಾಮೆರಾ ಬೇಡ ಅಂತಲ್ಲ. ಆದರೆ ಅದರ ಕೀಲಿ ಇರುವುದು ಅಲ್ಲಿನ ಮುಖ್ಯಸ್ಥರ ಕೈಯಲ್ಲೇ ಅಲ್ವಾ?

ಬಿಹಾರದ ಮುಜಫ್ಫರ್‌ಪುರದ ಬಾಲಿಕಾ ಗೃಹವನ್ನೇ ನೋಡಿ. ಸರ್ಕಾರದ ದುಡ್ಡಿನಲ್ಲೇ ನಡೆಯುತ್ತಿತ್ತು. ಅಲ್ಲಿನ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿದ್ದ ವಿಷಯ ಹೊರಬಂದದ್ದು 2018ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಸೋಷಿಯಲ್ ಆಡಿಟ್ ಮಾಡಿದ ಮೇಲೆ. ಹೊರಗಿನವರು ಬಂದು ಹುಡುಗಿಯರ ಮಾತು ಕೇಳಿದರು, ಅಷ್ಟೇ. 2020ರಲ್ಲಿ ದೆಹಲಿಯ ಕೋರ್ಟು 19 ಮಂದಿಯನ್ನು ತಪ್ಪಿತಸ್ಥರೆಂದು ಹೇಳಿತು. ಅವರಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತಿದ್ದ ಜಿಲ್ಲಾ ಅಧಿಕಾರಿಯೂ ಇದ್ದರು. ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಗಿತ್ತು.

ಹಾಗಾಗಿ ತಪಾಸಣೆಗೆ ಬರುವವರು ರಿಜಿಸ್ಟರ್ ನೋಡಿ, ಟೀ ಕುಡಿದು ಹೋಗಬಾರದು. ವಾರ್ಡನ್ ಇಲ್ಲದ ಜಾಗದಲ್ಲಿ ಮಕ್ಕಳ ಜೊತೆ ಕೂರಬೇಕು. ಅದೂ ಹೇಳದೆ ಕೇಳದೆ ಬರಬೇಕು.

ಇನ್ನೊಂದು ವಿಷಯ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ, ಗೊತ್ತಿದ್ದೂ ದೂರು ಕೊಡದಿರುವುದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಅಡುಗೆಯವರಿಗೆ, ಆಯಾಗಳಿಗೆ, ಕಾವಲುಗಾರರಿಗೆ ಇದನ್ನು ಕನ್ನಡದಲ್ಲಿ ಕೂತು ಹೇಳುವವರು ಯಾರು? ಮೊದಲು ಗಮನಿಸುವವರು ಅವರೇ. ಕೆಲಸ ಹೋಗುತ್ತದೆಂದು ಸುಮ್ನಿರುತ್ತಾರೆ.

ಮಾತು ಬಾರದ, ಬುದ್ಧಿಮಾಂದ್ಯತೆ ಇರುವ ದೊಡ್ಡವರ ಕೇಂದ್ರಗಳ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಅವರ ಪರಿಸ್ಥಿತಿ ಇನ್ನೂ ಕಷ್ಟ. ದಯವಿಟ್ಟು ಅದರ ಬಗ್ಗೆಯೂ ಬರೆಯಿರಿ. ಮಕ್ಕಳ ಸಹಾಯವಾಣಿ 1098, ಹಿರಿಯ ನಾಗರಿಕರದು 14567. ಇವೆರಡನ್ನೂ ಲೇಖನದ ಕೆಳಗೆ ಹಾಕಿ.